ಎಡಗೈ ಎತ್ತಿದ ಗೌರಿ

ಗಾದ್ರಪ್ಪನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲಲ್ಲ, ಓದುಗರೆಂಬ ಮಹಾಶಯರ ಮೇಲೆ. ಸ್ವಲ್ಪ ಹೊತ್ತು ಕಳೆದರೆ ಅದು ತಿರುಗಿ ನನ್ನ ಮೇಲೆಯೇ ಬರುತ್ತದೆ. ನ್ಯಾಮತಿಯ ಕೊಟ್ರಬಸಪ್ಪನವರ ಅಚ್ಚುಕೂಟದಲ್ಲಿ ಎಂಟು ವರ್ಷ ನಾನು ಮೊಳೆ ಜೋಡಿಸಿದೆ. ಅದೇ ಎಂಟು ವರ್ಷ ಗಾದ್ರಪ್ಪ ಅಲ್ಲಿಂದ ಹೊರಡುತ್ತಿದ್ದ ‘ಹೊಳೆಸಾಲು’ ಎಂಬ ಮಾಸಪತ್ರಿಕೆಗೆ ಮುಖಪುಟದ ಚಿತ್ರಗಳನ್ನು ಮರದಲ್ಲಿ ಕೆತ್ತಿಕೊಟ್ಟ. ಪತ್ರಿಕೆ ನಿಂತು ಕಾಲವಾಯಿತು. ಅದರೊಳಗೆ ಏನು ಬರೆದಿತ್ತೆಂದು ಇವತ್ತು ಯಾರನ್ನು ಕೇಳಿದರೂ ಹೇಳಲಾರರು. ಮುಖಪುಟಗಳನ್ನು ಮಾತ್ರ ಈಗಲೂ ಒಂದೊಂದಾಗಿ ನೆನೆಸಿಕೊಂಡು ನಗುವವರಿದ್ದಾರೆ. ಒಂದೇ ಒಂದು ಮುಖಪುಟದ ಮಾತು ಬಂದರೆ ಅವರೂ ಎದ್ದು ಪಂಚೆ ಕೊಡವಿಕೊಂಡು ಹೋಗಿಬಿಡುತ್ತಾರೆ.

ಗಾದ್ರಪ್ಪನ ಮೂಲ ಜಗಳೂರು ಸೀಮೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತಾರಲ್ಲ, ಅದಕ್ಕೆ ಬೇಕಾದ ಮರದ ಅಚ್ಚುಗಳನ್ನು ಅವನ ಅಪ್ಪ ಕೆತ್ತಿ, ಸಂತೆಯಿಂದ ಸಂತೆಗೆ ಹೊತ್ತು ಮಾರುತ್ತಿದ್ದ. ಆನೆ, ಗಿಳಿ, ಬಾಳೆಗೊನೆ, ತುಳಸಿಕಟ್ಟೆ. ಅಪ್ಪ ಮಗ ಇಬ್ಬರೂ ಸಂತೇಬೆನ್ನೂರು, ಚನ್ನಗಿರಿ ಎಂದು ಅಲೆದು ಕಡೆಗೆ ಹೊನ್ನಾಳಿಯಲ್ಲಿ ಹೊಳೆಗೆ ಇಳಿಯುವ ಓಣಿಯಲ್ಲಿ ಒಂದು ಮನೆ ಹಿಡಿದು ನಿಂತರು. ಚೇಷ್ಟೆ ಅವನಿಗೆ ಹುಟ್ಟುಗುಣ. ಒಂದು ವರ್ಷ ಸಕ್ಕರೆಯ ಗಿಳಿಗಳಿಗೆಲ್ಲ ಓಣಿಯ ಗಿಡ್ಡಮ್ಮನ ಮೂಗು ಇಟ್ಟಿದ್ದನಂತೆ. ಹಬ್ಬದ ದಿನ ಊರೆಲ್ಲ ಎಳ್ಳು ಬೀರಿ, ಗಿಡ್ಡಮ್ಮನ ಮನೆಗೂ ಗಿಡ್ಡಮ್ಮನ ಮೂಗನ್ನೇ ಕೊಟ್ಟು ಬಂದರು. ಆಕೆ ಅದನ್ನು ಚಪ್ಪರಿಸಿ ತಿಂದಳು.

ಕೊಟ್ರಬಸಪ್ಪನವರು ಅಡಿಕೆ ವ್ಯಾಪಾರದವರು. ಮದುವೆ ಕಾಗದ ಅಚ್ಚು ಹಾಕಲೆಂದು ಶಿವಮೊಗ್ಗದಿಂದ ಹಳೆಯ ಕಾಲುತುಳಿ ಯಂತ್ರವೊಂದನ್ನು ತಂದವರು, ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಇದ್ದಕ್ಕಿದ್ದಂತೆ ಸಾಹಿತ್ಯಸೇವೆಗೆ ಇಳಿದರು. ಚಿತ್ರದ ಬ್ಲಾಕುಗಳನ್ನು ಬೆಂಗಳೂರಿನಿಂದ ಮಾಡಿಸಿ ತರಿಸುವಷ್ಟು ಧಾರಾಳ ಅವರ ಸೇವೆಗೆ ಇರಲಿಲ್ಲ. ಸಕ್ಕರೆ ಅಚ್ಚಿನ ಗಾದ್ರಪ್ಪನನ್ನು ಕರೆಸಿ ತೇಗದ ಹಲಗೆಯೊಂದನ್ನು ಕೈಗಿತ್ತರು. ಸಕ್ಕರೆ ಅಚ್ಚಿನಲ್ಲಿ ರೂಪವನ್ನು ಒಳಕ್ಕೆ ತೋಡಬೇಕು, ಮುದ್ರಣದ ಹಲಗೆಯಲ್ಲಿ ಗೆರೆ ಮಾತ್ರ ಉಬ್ಬಿ ನಿಲ್ಲಬೇಕು, ಮೇಲಾಗಿ ಎಲ್ಲವೂ ತಿರುಗುಮುರುಗಾಗಿರಬೇಕು. ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಗಾದ್ರಪ್ಪ ಇದನ್ನು ಒಂದೇ ತಿಂಗಳಲ್ಲಿ ಕಲಿತ. ತೆಳು ಕಾಗದದ ಮೇಲೆ ಸೀಸದಕಡ್ಡಿಯಲ್ಲಿ ಬರೆಯುವುದು, ಅದನ್ನು ಮಗುಚಿ ಹಲಗೆಗೆ ಉಜ್ಜುವುದು, ಮೂಡಿದ ಗೆರೆ ಹಿಡಿದು ಕೆತ್ತುವುದು, ನಡುನಡುವೆ ಮಗಳು ಸಾವಂತ್ರಿಯ ಅಂಗೈಯಗಲದ ಕನ್ನಡಿಯನ್ನು ಹಲಗೆಗೆ ಹಿಡಿದು ಸರಿಯಿದೆಯೇ ಎಂದು ನೋಡುವುದು. ಇದು ಅವನ ಕ್ರಮ.

ಮೊದಲ ಎರಡು ಮೂರು ಸಂಚಿಕೆ ಅವನು ಸಭ್ಯನಾಗಿಯೇ ಇದ್ದ. ಆಮೇಲೆ ಕೃಷ್ಣನ ತುಲಾಭಾರದ ಚಿತ್ರ ಬಂತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕೃಷ್ಣ, ಇನ್ನೊಂದರಲ್ಲಿ ತುಳಸಿದಳ, ಸುತ್ತ ಹೆಂಗಸರು. ಎಲ್ಲ ಶಾಸ್ತ್ರೋಕ್ತ. ಆದರೆ ತಟ್ಟೆಯ ಅಡಿಯಲ್ಲಿ, ಗುಂಪಿನ ನಡುವಿನಿಂದ, ಯಾರದೋ ಮೊಣಕಾಲೊಂದು ಚಾಚಿಕೊಂಡಿತ್ತು. ಮೊಣಕಾಲಿನ ಕೆಳಗೆ ಕಟ್ಟಿದ ಕರಿದಾರ. ಸಂತೇಬೆನ್ನೂರಿನ ಸಂತೆಗೆ ಮಾಲು ಹಾಕುವ ರೈತರಿಗೆ ಅದು ಯಾರ ಮೊಣಕಾಲೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೂಕ ಮಾಡುವಾಗ ತಟ್ಟೆಗೆ ಮೊಣಕಾಲು ಕೊಡುವ ಒಬ್ಬ ದಲ್ಲಾಳಿ ಅಲ್ಲಿದ್ದ. ಮುಂದಿನ ವಾರದಿಂದ ಅವನು ಪಂಚೆಯನ್ನು ಪಾದದವರೆಗೂ ಬಿಟ್ಟುಕೊಂಡು ತಿರುಗಿದ.

ಹೊನ್ನಾಳಿಯ ಜಮೀನುದಾರ ಬಂಗಾರಪ್ಪನವರದು ಇದಕ್ಕಿಂತ ದೊಡ್ಡ ಕಥೆ. ಅವರು ಚಿರತೆ ಹೊಡೆದರೆಂದು ಮೆರವಣಿಗೆಯಾಗಿತ್ತು. ನಿಜ ಏನೆಂದರೆ ಅದು ಕುರಿಗಾರರು ತೋಡಿದ ಗುಂಡಿಗೆ ಬಿದ್ದು ಎರಡು ದಿನದ ಹಿಂದೆಯೇ ಸತ್ತಿತ್ತು. ಗಾದ್ರಪ್ಪ ಅದನ್ನು ವೀರಗಲ್ಲಿನ ಮಾದರಿಯಲ್ಲಿ ಮೂರು ಅಂತಸ್ತಾಗಿ ಕೆತ್ತಿದ. ಮೇಲೆ ಬಂಗಾರಪ್ಪನವರು ಚಿರತೆಯ ಮೇಲೆ ಕಾಲಿಟ್ಟು ಬಂದೂಕು ಹಿಡಿದು ನಿಂತಿದ್ದಾರೆ. ನಡುವೆ ಅವರನ್ನು ನಾಲ್ವರು ಕುರ್ಚಿಯಲ್ಲಿ ಹೊತ್ತು ತರುತ್ತಿದ್ದಾರೆ. ಕೆಳಗೆ ಗುಂಡಿಯಲ್ಲಿ ಸತ್ತ ಚಿರತೆ, ನೊಣ, ಮೂಗು ಮುಚ್ಚಿಕೊಂಡ ಕುರಿಗಾರರು. ಬಂಗಾರಪ್ಪನವರು ಮೇಲಿನ ಅಂತಸ್ತನ್ನು ನೋಡಿ ಹಿಗ್ಗಿ, ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ನಮ್ಮ ಕಡೆ ದನ ಕಾಯುವವರಿಗೂ ಗೊತ್ತು, ಊರ ಮುಂದೆಲ್ಲ ನಿಂತಿರುತ್ತವಲ್ಲ. ಮನೆಗೆ ಬಂದವರು ಕೆಳಗಿನಿಂದ ಓದಿ, ಕೆಮ್ಮಿ, ಮುಖ ಆ ಕಡೆ ತಿರುಗಿಸುತ್ತಿದ್ದರು. ಎರಡು ತಿಂಗಳ ಮೇಲೆ ಬಂಗಾರಪ್ಪನವರಿಗೆ ಅನುಮಾನ ಬಂದು ಗಾದ್ರಪ್ಪನನ್ನು ಕರೆಸಿ ಕೇಳಿದರು. “ಅದು ಬರೀ ವೀರಗಲ್ಲು ಸಾಹುಕಾರ್ರೆ, ಅದ್ರಾಗೆ ಏನೂ ಇಲ್ಲ” ಎಂದು ಗಾದ್ರಪ್ಪ ಕೈಮುಗಿದು ಹೇಳಿ ಬಂದ. ಆ ಕೈಮುಗಿತವನ್ನು ಅಚ್ಚುಕೂಟದಲ್ಲಿ ಅವನು ನಟಿಸಿ ತೋರಿಸಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಹೀಗೆ ‘ಹೊಳೆಸಾಲು’ ಓದಿಗಿಂತ ಹುಡುಕಾಟದ ಪತ್ರಿಕೆಯಾಯಿತು. ಚನ್ನಗಿರಿಗೆ, ಹೊನ್ನಾಳಿಗೆ, ಜಗಳೂರಿಗೆ ಬಸ್ಸಿನಲ್ಲಿ ಕಟ್ಟು ಹೋದ ದಿನ ಹೋಟೆಲುಗಳಲ್ಲಿ ತಲೆಗೆ ತಲೆ ಸೇರುತ್ತಿತ್ತು. ಈ ಸಲ ಯಾರು? ಎಲ್ಲಿ? ಅಕ್ಷರ ಬಾರದವರೂ ಕೊಂಡರು. ಇಲ್ಲದ್ದನ್ನು ಕಂಡವರೂ ಇದ್ದರು. ಹೋಳಿಯ ಚಿತ್ರದಲ್ಲಿ ಒಂದು ನಾಯಿ ಸುಮ್ಮನೆ ಮಲಗಿದ್ದರೆ, ಅದು ಇಂಥ ವಕೀಲರೇ ಎಂದು ಚನ್ನಗಿರಿಯವರು ಹಟ ಹಿಡಿದರು. ನಾನು ಹೇಳಿದಾಗ ಗಾದ್ರಪ್ಪ ಬೀಡಿ ಹಚ್ಚುತ್ತ, “ಇರ್ಲಿ ಬಿಡ್ರಿ ವಿರುಪಣ್ಣ. ಅವರ ಕಣ್ಣಿಗೆ ಕಂಡಿದ್ದು ಅವರಿಗೆ. ನಾವ್ಯಾಕೆ ಬ್ಯಾಡ ಅನ್ನಾನ?” ಎಂದ. ಆ ಮೆಚ್ಚುಗೆಯನ್ನೂ ಅವನು ಜೇಬಿಗೆ ಹಾಕಿಕೊಂಡ. ಅದು ತಪ್ಪೆಂದು ಆಗ ನನಗೂ ತೋರಲಿಲ್ಲ.

ಈ ನಗೆಯ ನಡುವೆ ರುದ್ರಾಣಿಯವರ ಮಾತು ತರಲು ನನಗೆ ಮನಸ್ಸಿಲ್ಲ, ಆದರೆ ತರದೆ ವಿಧಿಯಿಲ್ಲ. ಹೊನ್ನಾಳಿಯಲ್ಲಿ ನಾಲ್ಕಾರು ವರ್ತಕರು ಸೇರಿ ಹೆಣ್ಣುಮಕ್ಕಳಿಗೆಂದು ಒಂದು ಸಣ್ಣ ಪಾಠಶಾಲೆ ನಡೆಸುತ್ತಿದ್ದರು. ಅದಕ್ಕೆ ಇದ್ದ ಒಬ್ಬರೇ ಉಪಾಧ್ಯಾಯಿನಿ ಆಕೆ. ಹದಿನೇಳಕ್ಕೇ ಗಂಡ ಸತ್ತು, ಜಗಳೂರಿನ ಅಣ್ಣ ಓದಿಸಿ, ಈ ಕೆಲಸಕ್ಕೆ ಸೇರಿದವರು. ಹಣೆಯಲ್ಲಿ ವಿಭೂತಿ, ಬರಿಗೈ. ಆಕೆ ಎಡಗೈಯವರು. ಕರಿಹಲಗೆಯ ಮೇಲೆ ಎಡಗೈಯಲ್ಲಿ ಬರೆಯುತ್ತಾರೆಂದು ಮೊದಮೊದಲು ತಾಯಂದಿರು ಮೂಗು ಮುರಿದರು. ಅಕ್ಷರ ಮಾತ್ರ ಮುತ್ತಿನಂತೆ ಬರುತ್ತಿದ್ದವು, ಹಾಗಾಗಿ ಸುಮ್ಮನಾದರು. ಮಕ್ಕಳು ಬೆರಳಿಟ್ಟು ತೀಡಲೆಂದು ಗಾದ್ರಪ್ಪನಿಂದ ಮರದಲ್ಲಿ ತೋಡಿದ ಅ ಆ ಇ ಈ ಮಾಡಿಸಿಕೊಂಡಿದ್ದರು. ಸಾವಂತ್ರಿ ಎರಡು ವರ್ಷ ಅವರ ಹತ್ತಿರವೇ ಕಲಿತಳು.

ಆ ಸಾವಂತ್ರಿಯನ್ನು ಚನ್ನಗಿರಿ ಕಡೆಗೆ ಮದುವೆ ಮಾಡಿ ಕೊಟ್ಟರು. ನಲವತ್ತೊಂದನೆಯ ಇಸವಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಷಾಢದಲ್ಲಿ ಹೊಳೆ ತುಂಬಿ ದೋಣಿ ನಿಂತಿತ್ತು, ಆಚೆ ದಡದ ಸೂಲಗಿತ್ತಿ ಬರಲಾಗಲಿಲ್ಲ. ತಾಯಿಯೂ ಮಗುವೂ ಒಂದೇ ದಿನ ಹೋದರು. ಹತ್ತೊಂಬತ್ತು ವರ್ಷ ಅವಳಿಗೆ. ಅವಳದೊಂದು ಫೋಟೊ ಕೂಡ ಇರಲಿಲ್ಲ, ಮದುವೆಯಲ್ಲಿ ಹಿಡಿಸಿರಲಿಲ್ಲ. ಅವಳ ಬಳೆ, ಸೀರೆ, ಆ ಅಂಗೈಯಗಲದ ಕನ್ನಡಿ ಎಲ್ಲವನ್ನೂ ತಾಯಿ ಭೀಮಕ್ಕ ಒಂದು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಳು.

ಭಾದ್ರಪದದ ಸಂಚಿಕೆಗೆ ಗೌರಿಯ ಚಿತ್ರ ಬೇಕಿತ್ತು. ಈ ಸಲ ಬೇರೆ ಏನಾದರೂ ಹಾಕೋಣ ಎಂದು ಕೊಟ್ರಬಸಪ್ಪನವರೇ ಸಂಕೋಚಪಟ್ಟರು. ಗಾದ್ರಪ್ಪ ಒಪ್ಪಲಿಲ್ಲ. “ನಾನೇ ಮಾಡ್ತೀನಿ ಸಾಹುಕಾರ್ರೆ. ಗೌರಿ ತವರಿಗೆ ಬರೋ ಹಬ್ಬ ಐತಿ” ಎಂದ. ಮನೆಗೆ ಹೋಗಿ ಹಲಗೆ ಹಿಡಿದು ಕುಳಿತ. ಕಾಗದದ ಮೇಲೆ ಮಗಳ ಮುಖ ಬರಲಿಲ್ಲವಂತೆ, ನಾಲ್ಕು ಸಲ ಹರಿದು ಹಾಕಿದನಂತೆ. ಕಡೆಗೆ ಕಾಗದ ಬಿಟ್ಟು ನೇರ ಮರದ ಮೇಲೆಯೇ ಉಳಿ ಇಟ್ಟ. ಗೌರಿ ಕೂತಿದ್ದಾಳೆ, ತಲೆ ಸ್ವಲ್ಪ ವಾಲಿದೆ, ತೊಡೆಯ ಮೇಲೆ ಕೂಸು ಗಣಪ, ಒಂದು ಕೈ ಮಗುವಿನ ಬೆನ್ನಿಗೆ, ಇನ್ನೊಂದು ಎತ್ತಿ ಹರಸುತ್ತಿದೆ. ಮಗಳು ಎತ್ತಿಕೊಳ್ಳಲಾಗದೆ ಹೋದ ಕೂಸನ್ನು ಅವನು ಅವಳ ತೊಡೆಗೆ ಕೊಟ್ಟಿದ್ದ. ಆ ಮೊದಲ ಸಂಚಿಕೆಗಳನ್ನು ಬಿಟ್ಟರೆ ಇದೇ ಮೊದಲ ಬಾರಿಗೆ ಯಾರನ್ನೂ ಅಣಕಿಸದೆ, ಏನನ್ನೂ ಅಡಗಿಸದೆ ಕೆತ್ತಿದ. ಕಣ್ಣಿಗೆ ಕಂಡಂತೆಯೇ ಕೆತ್ತಿದ. ತಿರುಗಿಸಬೇಕೆಂಬುದು ನೆನಪಾಗಲಿಲ್ಲ. ನೆನಪು ಮಾಡಿಕೊಡಬೇಕಾದ ಕನ್ನಡಿ ಅಟ್ಟದ ಮೇಲಿತ್ತು.

ಹಲಗೆಗೆ ಮಸಿ ಹಚ್ಚಿ ಮೊದಲ ಹಾಳೆ ತೆಗೆದವನು ನಾನು. ನೋಡಿದೆ: ಗೌರಿ ಎಡಗೈ ಎತ್ತಿ ಹರಸುತ್ತಿದ್ದಳು. ದೇವರು ಎಡಗೈಯಲ್ಲಿ ಹರಸುವುದುಂಟೇ? ಇದು ತಪ್ಪಿರಬಹುದೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ, ಏಕೆಂದರೆ ಗಾದ್ರಪ್ಪನ ಹಲಗೆಯಲ್ಲಿ ಇದುವರೆಗೆ ಒಂದು ಗೆರೆಯೂ ತಪ್ಪಿರಲಿಲ್ಲ. ಇಷ್ಟು ದುಃಖದಲ್ಲೂ ಇವನ ಚೇಷ್ಟೆ ಬಿಡಲಿಲ್ಲವಲ್ಲ ಎಂದುಕೊಂಡೆ. ಎಡಗೈ ಎಂದೊಡನೆ ಹೊನ್ನಾಳಿಯ ಟೀಚರಮ್ಮ ನೆನಪಾದರು. ನಕ್ಕೆ. ಸುಳ್ಳು ಹೇಳುವುದಿಲ್ಲ, ಗಟ್ಟಿಯಾಗಿಯೇ ನಕ್ಕೆ. ಹಣೆಯ ಕುಂಕುಮಕ್ಕೆಂದು ಬೇರೆ ಸಣ್ಣ ಅಚ್ಚಿತ್ತು, ಅದನ್ನು ಕೆಂಪು ಬಣ್ಣದಲ್ಲಿ ಅದ್ದಿ ಏಳುನೂರು ಪ್ರತಿಗೂ ಕೈಯಾರೆ ಒತ್ತಿದೆ. ಮರುದಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, “ಈ ಸಲದ ಗುಟ್ಟು ಕೈಯಾಗೈತೆ, ನೋಡ್ಕಳ್ರಿ” ಎಂದು ಇಬ್ಬರಿಗೆ ಹೇಳಿದೆ. ಬಾಯಿಗೆ ಬೀಗ ಹಾಕಿಕೊಂಡಿದ್ದರೂ ಅವರು ಕಂಡುಹಿಡಿಯುತ್ತಿದ್ದರೋ ಏನೋ. ಆದರೆ ನಾನು ಹಾಕಿಕೊಳ್ಳಲಿಲ್ಲ.

ಗಾದ್ರಪ್ಪ ಹಲಗೆಯ ಜೊತೆಗೆ ಐದು ಪ್ರತಿ ತೆಗೆದುಕೊಂಡು ಹೋದ. ಅವನೂ ಭೀಮಕ್ಕನೂ ನೋಡಿದ್ದು ಮುಖವನ್ನು ಮಾತ್ರ. ಭೀಮಕ್ಕ ಅದನ್ನೇ ಗೌರಿಯ ಪಕ್ಕ ಇಟ್ಟು ಬಾಗಿನ ಕೊಟ್ಟಳಂತೆ. ಅತ್ತ ಹೋಟೆಲುಗಳಲ್ಲಿ ಬೇರೆಯೇ ನಡೆದಿತ್ತು. ಎಡಗೈ ಗೌರಿ ಯಾರು? ಟೀಚರಮ್ಮ. ಸರಿ, ವಿಧವೆಯ ಹಣೆಗೆ ಕುಂಕುಮ ಯಾಕೆ? ತೊಡೆಯ ಮೇಲೆ ಕೂಸು ಯಾಕೆ? ಅಷ್ಟು ಸಾಕಾಯಿತು. ಹೋದ ಬೇಸಗೆಯಲ್ಲಿ ಆಕೆ ಎರಡು ತಿಂಗಳು ರಜೆ ಹಾಕಿ ಜಗಳೂರಿಗೆ ಹೋಗಿದ್ದರು, ಅಣ್ಣನ ಹೆಂಡತಿಯ ಬಾಣಂತನಕ್ಕೆ. ಬಾಣಂತನ ಹೌದು, ಯಾರದು ಎಂದು ಒಬ್ಬ ಕೇಳಿದ. ಎಂಟು ದಿನದೊಳಗೆ ನಾಲ್ಕು ಊರಿಗೂ ಉತ್ತರ ಗೊತ್ತಾಗಿತ್ತು. ಗಾದ್ರಪ್ಪ ಸುಮ್ಮನೆ ಕೆತ್ತುವವನಲ್ಲ, ಅವನಿಗೆ ಏನೋ ತಿಳಿದೇ ಇರಬೇಕು ಎಂದರು.

ನಾನೇ ಹೊನ್ನಾಳಿಗೆ ಹೋಗಿ ಅವನಿಗೆ ಸುದ್ದಿ ಮುಟ್ಟಿಸಿದೆ. ನಕ್ಕು ಹೇಳಲು ಹೋದವನು ಅವನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದೆ.

“ಯಾವ ಎಡಗೈ?” ಎಂದ. ಪ್ರತಿ ತಂದು ನೋಡಿದ. “ವಿರುಪಣ್ಣ, ಅದು ನಮ್ ಹುಡುಗಿ. ನಮ್ ಸಾವಂತ್ರಿ, ತನ್ ಕೂಸಿನ್ನ ಎತ್ಕಂಡು ಕೂತಾಳೆ. ಅದೂ ನಿಮಗೆ ಗೊತ್ತಾಗ್ಲಿಲ್ವೇನ್ರಿ?”

ಗೊತ್ತಾಗಿರಲಿಲ್ಲ. ಎಂಟು ವರ್ಷ ಅವನ ಮನೆಯಲ್ಲಿ ಉಂಡಿದ್ದೇನೆ, ಆ ಹುಡುಗಿ ಬಡಿಸಿದ್ದನ್ನೇ ಉಂಡಿದ್ದೇನೆ. ನಾನು ಕೈ ನೋಡಿದ್ದೆ, ಮುಖ ನೋಡಿರಲಿಲ್ಲ. ಹೋಟೆಲಿನಲ್ಲಿ ಆಡಿದ ಮಾತನ್ನು ಅವತ್ತೇ ಅವನ ಮುಂದೆ ಒಪ್ಪಿಕೊಂಡೆ. ಅವನು ಬೈದಿದ್ದರೆ ಒಳ್ಳೆಯದಿತ್ತು. ಹಲಗೆಯನ್ನು ಟವಲಿನಲ್ಲಿ ಸುತ್ತಿ ಎದ್ದು, “ನಡೀರಿ, ಹೇಳಿ ಬರಾನ” ಎಂದ.

ಪಾಠಶಾಲೆಯ ಮುಖ್ಯಸ್ಥರು ಅದೇ ಬಂಗಾರಪ್ಪನವರು. ಪಡಸಾಲೆಯಲ್ಲಿ ಇನ್ನೂ ಮೂವರು ವರ್ತಕರಿದ್ದರು. ಗೋಡೆಯ ಮೇಲೆ ವೀರಗಲ್ಲು ಹಾಗೆಯೇ ಇತ್ತು. ತೆಗೆದರೆ ತಿಳಿಯಿತೆಂದು ಒಪ್ಪಿಕೊಂಡಂತಾಗುತ್ತದೆಂದು ಅವರು ತೆಗೆದಿರಲಿಲ್ಲ. ಗಾದ್ರಪ್ಪ ಹಲಗೆ ಬಿಚ್ಚಿ ತೋರಿಸಿದ.

“ನೋಡ್ರಿ ಸಾಹುಕಾರ್ರೆ, ಹಲಗೇಲಿ ಬಲಗೈನೇ ಐತೆ. ತಿರುಗಿಸಾಕೆ ಮರೆತೆ. ನನ್ ತಪ್ಪು. ಇದು ಸತ್ತ ನನ್ ಮಗಳು. ಟೀಚರಮ್ಮಂಗೂ ಇದಕ್ಕೂ ಸಂಬಂಧ ಇಲ್ಲ, ದೇವರಾಣೆ.”

ಬಂಗಾರಪ್ಪನವರು ಹಲಗೆಯನ್ನು ಮುಟ್ಟಲೂ ಇಲ್ಲ. “ಗಾದ್ರಪ್ಪ, ಆ ಚಿತ್ರ ತೋರಿಸಿ ನಾನು ಕೇಳ್ದಾಗ ಏನಂದಿದ್ದೆ? ‘ಬರೀ ವೀರಗಲ್ಲು, ಅದ್ರಾಗೆ ಏನೂ ಇಲ್ಲ’ ಅಂದಿದ್ದೆ. ಹಿಂಗೇ ಕೈ ಮುಗಿದಿದ್ದೆ. ಅವತ್ತು ನಂಬಿದ್ದೆ ಕಣಪ್ಪ. ಒಬ್ಬ ಮನುಷ್ಯ ಎಷ್ಟು ಸಲ ನಂಬಬೇಕು?”

ಉಳಿದವರು ನಕ್ಕರು. ಅವರ ಪೈಕಿ ಒಬ್ಬರು, ತಪ್ಪೇ ಮಾಡದ ಕೈ ಈ ಒಂದು ಸಲ ಮಾತ್ರ ಹೇಗೆ ತಪ್ಪಿತು ಎಂದು ಕೇಳಿದರು. ಗಾದ್ರಪ್ಪನ ಬಳಿ ಉತ್ತರವಿತ್ತು, ಅದನ್ನು ಮೊದಲೇ ಹೇಳಿಯಾಗಿತ್ತು. ತಮ್ಮನ್ನು ಅಣಕಿಸಿದ ಅವನ ಚಿತ್ರಗಳಲ್ಲಿ ಏನೂ ಇಲ್ಲವೆಂದು ಹಿಂದೆ ಎದೆ ತಟ್ಟಿ ವಾದಿಸಿದ್ದವರೇ, ಈಗ ಎಲ್ಲವೂ ಇದೆ ಎಂದು ಕುಳಿತರು. ಅವರಿಗೆ ರುದ್ರಾಣಿಯವರ ಮೇಲೆ ಅಂಥ ಹಗೆಯೇನೂ ಇರಲಿಲ್ಲ. ಗಾದ್ರಪ್ಪನಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿತ್ತು, ನಡುವೆ ಒಂದು ಹೆಂಗಸಿದ್ದಳು, ಅಷ್ಟೆ. ಆ ನಾಲ್ವರನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ.

ಮುಂದಿನ ಸಂಚಿಕೆಯಲ್ಲಿ ನಾನೇ ಮೊಳೆ ಜೋಡಿಸಿ ಒಂದು ಪ್ರಕಟಣೆ ಹಾಕಿದೆ: ಹೋದ ತಿಂಗಳ ಮುಖಪುಟದಲ್ಲಿ ಯಾವ ವ್ಯಕ್ತಿಯನ್ನೂ ಸೂಚಿಸಿಲ್ಲ ಎಂದು. ಅದುವರೆಗೆ ಏನೂ ಅರಿಯದಿದ್ದವರೂ ಹಳೆಯ ಸಂಚಿಕೆ ತೆಗೆದು, ಯಾವ ವ್ಯಕ್ತಿ, ಯಾವ ವ್ಯಕ್ತಿ ಎಂದು ಹುಡುಕಿದರು. ದೀಪಾವಳಿಗೆ ಗಾದ್ರಪ್ಪ ಒಂದು ಹಣತೆ ಮಾತ್ರ ಕೆತ್ತಿದ. ಸುತ್ತ ಏನೂ ಇಲ್ಲ, ಬಿಳಿ. ನ್ಯಾಮತಿಯ ಹೋಟೆಲಿನಲ್ಲಿ ಅದನ್ನು ಬೆಳಕಿಗೆ ಹಿಡಿದು, ಮಗುಚಿ, ತಲೆಕೆಳಗು ಮಾಡಿ ನೋಡಿದರು. ಕುಡಿ ಎಡಕ್ಕೆ ವಾಲಿದೆಯಲ್ಲ ಎಂದು ಯಾರೋ ಅಂದರು. ನಾನು ಕಾಫಿ ಲೋಟ ಕುಕ್ಕಿ ಎದ್ದು ಬಂದೆ. ಎಂಟು ವರ್ಷ ನಾವೇ ತಿದ್ದಿ ತೀಡಿ ಬೆಳೆಸಿದ ಕಣ್ಣುಗಳು ಅವು, ಈಗ ಮುಚ್ಚಿರೆಂದರೆ ಮುಚ್ಚುತ್ತವೆಯೇ?

ಅಷ್ಟರಲ್ಲಿ ಹೊನ್ನಾಳಿಯಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಮೂವತ್ತೊಂದು ಹೆಣ್ಣುಮಕ್ಕಳಿದ್ದ ಶಾಲೆಗೆ ಒಂದು ಸೋಮವಾರ ನಾಲ್ವರು ಬಂದರು, ಮರುದಿನ ಒಬ್ಬಳು. ಆ ಒಬ್ಬಳಿಗೂ ರುದ್ರಾಣಿಯವರು ಸಂಜೆ ಗಂಟೆಯವರೆಗೆ ಪಾಠ ಮಾಡಿದರಂತೆ. ವಾರದ ಕೊನೆಗೆ ಮುಖ್ಯಸ್ಥರ ಕಾಗದ ಬಂತು. ಜಗಳೂರಿನಿಂದ ಅಣ್ಣ ರೇವಣ್ಣ ಬಂದು ತಂಗಿಯ ಟ್ರಂಕನ್ನು ಹೆಗಲಿಗೇರಿಸಿಕೊಂಡ. ಗಾದ್ರಪ್ಪ ಅವರ ಬಾಗಿಲಿಗೆ ಹೋದಾಗ ರೇವಣ್ಣ ಹೊಸ್ತಿಲಲ್ಲೇ ಅಡ್ಡ ನಿಂತು, “ಇನ್ನೇನ್ ಬರೀಬೇಕಂತ ಬಂದಿ?” ಎಂದನಂತೆ. ಆಕೆ ಒಳಗಿದ್ದರು. ಮಾತಾಡಿಸಲಾಗಲಿಲ್ಲ.

ಆಮೇಲಿನ ಆರು ತಿಂಗಳು ಗಾದ್ರಪ್ಪ ಆ ಹಲಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಊರೂರು ತಿರುಗಿದ. ಚನ್ನಗಿರಿಯ ವಕೀಲರಿಗೆ ತೋರಿಸಿದ, ಸಂತೇಬೆನ್ನೂರಿನ ಸಂತೆಯಲ್ಲಿ ಗುಂಪಿಗೆ ತೋರಿಸಿದ, ನ್ಯಾಮತಿಯ ಅಡಿಕೆ ಮಂಡಿಗಳ ಮುಂದೆ ನಿಂತು ತೋರಿಸಿದ. ಜನ ಬಂದು ನಿಲ್ಲುತ್ತಿದ್ದರು, ಕೇಳುತ್ತಿದ್ದರು, ಇದೂ ಅವನದೊಂದು ಆಟವೆಂದು ತಿಳಿದು ಬೆನ್ನು ತಟ್ಟಿ ಹೋಗುತ್ತಿದ್ದರು. ಟೀಚರಮ್ಮನ ಮಾನದ ಜೊತೆಗೆ ಅವನ ಮಗಳೂ ಹೋಗಿದ್ದಳು. ನಾಲ್ಕು ಊರಿನಲ್ಲಿ ಒಬ್ಬರಾದರೂ ಆ ಚಿತ್ರ ನೋಡಿ ಸಾವಂತ್ರಿ ಎಂದು ಹೇಳಲಿ ಎಂಬುದೊಂದೇ ಅವನಿಗೆ ಉಳಿದಿತ್ತು. ನಲವತ್ತೆರಡರ ಬೇಸಗೆಯ ಹೊತ್ತಿಗೆ ಯುದ್ಧದಿಂದ ಕಾಗದ ಸಿಗದೆ ಪತ್ರಿಕೆಯೂ ನಿಂತಿತು. ಒಂದು ದಿನ ಭೀಮಕ್ಕ, “ಊರೋರಿಗೆ ಹೇಳಿದ್ದು ಸಾಕು. ಹೇಳಬೇಕಾದೋರಿಗೆ ಹೇಳಿ ಬರ್ರಿ” ಎಂದಳು. ನಾನೂ ಜೊತೆಗೆ ಹೊರಟೆ.

ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ದಾವಣಗೆರೆಗೆ, ಅಲ್ಲಿಂದ ಇನ್ನೊಂದು ಹಿಡಿದು ಜಗಳೂರಿಗೆ. ಇಳಿಯುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ದಾರಿಯುದ್ದಕ್ಕೂ ಗಾದ್ರಪ್ಪ ಹೇಳಬೇಕಾದ ಮಾತನ್ನು ಬಾಯೊಳಗೆ ಜೋಡಿಸಿಕೊಳ್ಳುತ್ತಿದ್ದ. ರೇವಣ್ಣನ ಮನೆ ಊರ ಅಂಚಿನಲ್ಲಿ, ಮುಂದೆ ಕುರಿದೊಡ್ಡಿ. ಜಗಲಿಯ ಮೇಲೆ ರುದ್ರಾಣಿಯವರು ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು, ಎಡಗೈಯಲ್ಲಿ. ಒಳಗೆ ಅತ್ತಿಗೆ ತೊಟ್ಟಿಲು ತೂಗುತ್ತಿದ್ದರು. ಊರೆಲ್ಲ ಆಡಿಕೊಂಡ ಬಾಣಂತನದ ಕೂಸು ಅದು.

“ಬರ್ರಿ ಗಾದ್ರಪ್ಪನೋರೆ,” ಎಂದು ಆಕೆ ಎದ್ದು ಎರಡು ಚೊಂಬು ನೀರು ತಂದಿಟ್ಟರು. “ಅಣ್ಣ ಹೊಲಕ್ಕೆ ಹೋಗ್ಯಾನೆ. ಅವನು ಬರೋದ್ರೊಳಗೆ ಹೋಗಿಬಿಡ್ರಿ, ಸಿಟ್ಟು ಇನ್ನೂ ಇಳಿದಿಲ್ಲ. ಭೀಮಕ್ಕ ಚೆನ್ನಾಗಿದಾರಾ?”

ಗಾದ್ರಪ್ಪ ಟವಲು ಬಿಚ್ಚಲು ಹೋದ. ಗಂಟು ಬಿಚ್ಚಿಕೊಳ್ಳಲಿಲ್ಲ. “ತಾಯಿ, ಆ ಚಿತ್ರ…” ಎಂದ.

“ಅದರ ಮಾತು ನಾನೂ ಹೇಳಬೇಕಂತಿದ್ದೆ,” ಎಂದು ಆಕೆ ಒಳಗೆ ಹೋಗಿ ತಮ್ಮ ಟ್ರಂಕಿನಿಂದ ಒಂದು ರಟ್ಟು ತಂದರು. ಗೌರಿಯ ಮುಖಪುಟ. ಗಂಜಿಯಲ್ಲಿ ಅಂಟಿಸಿ, ಅಂಚುಗಳನ್ನು ಬಟ್ಟೆಯಿಂದ ಹೊಲಿದಿದ್ದರು. ನಾವು ಮುಖ ಮುಖ ನೋಡಿಕೊಂಡೆವು.

“ಮೊದ್ಲು ನೋಡ್ದಾಗ ನಿಮ್ಮನ್ನ ಶಪಿಸಿದ್ದೆ,” ಎಂದು ಆಕೆ ರಟ್ಟನ್ನು ಮಡಿಲಿನಲ್ಲಿ ಇಟ್ಟುಕೊಂಡು ಹೇಳಿದರು. “ಮಕ್ಕಳು ಬರೋದು ಬಿಟ್ಟಾಗ ಹೊಳೆಗೆ ಬಿದ್ದು ಸಾಯಬೇಕು ಅನ್ನಿಸ್ತು. ಇಲ್ಲಿಗೆ ಬಂದ ಮ್ಯಾಲೆ ದಿನಾ ತೆಗೆದು ನೋಡ್ತಾ ನೋಡ್ತಾ… ಏನ್ ಹೇಳ್ಲಿ. ಹನ್ನೊಂದು ವರ್ಷ ಆತು ನನ್ನ ಹಣೆ ಬರಿದಾಗಿ. ಎದುರಿಗೆ ಬಂದೋರು ಮುಖ ತಿರುಗಿಸ್ಕಂಡು ಹೋಗ್ತಾರೆ. ಹೊನ್ನಾಳಿಯಾಗೆ ಒಬ್ರಾದ್ರೂ ನನ್ನ ಮುಖಾನ ನೆಟ್ಟಗೆ ನೋಡ್ಯಾರೆ, ನೋಡಿ ಗೌರಿ ಅಂತ ಅಂದ್ಕಂಡಾರೆ, ಮಡಿಲಿಗೆ ಒಂದು ಕೂಸು ಕೊಟ್ಟಾರೆ. ಜನ ಏನಾರ ಅನ್ಲಿ, ನೀವು ಕೆಟ್ಟದ್ದಕ್ಕೆ ಮಾಡಿಲ್ಲ. ಈ ಮುಖದಾಗೆ ಕೆಟ್ಟದ್ದು ಇಲ್ಲವೇ ಇಲ್ಲ. ಕೆಲಸ ಹೋದ್ರೆ ಹೋತು ಅಂದ್ಕಂಡೆ.”

ಸುಮ್ಮನಿರು ಗಾದ್ರಪ್ಪ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಂಗಾರಪ್ಪನ ಮುಂದೆ ಕೈಮುಗಿದು ಒಂದು ಸುಳ್ಳು ಹೇಳಿದೆಯಲ್ಲ, ಇಲ್ಲಿ ಇನ್ನೊಂದು ಹೇಳು, ಹೌದು ತಾಯಿ ನೀವೇ ಎಂದು ಹೇಳಿ ಎದ್ದು ಬಾ. ಕಾಲಿನಿಂದ ಅವನ ಕಾಲನ್ನು ಒತ್ತಿದೆ. ಅವನು ರಟ್ಟಿನ ಮೇಲಿನ ಮುಖವನ್ನೇ ನೋಡುತ್ತಿದ್ದ. ಹೌದೆಂದರೆ ಮಗಳನ್ನು ತಾನೇ ಕೈಯೆತ್ತಿ ಕೊಟ್ಟಂತೆ. ಆರು ತಿಂಗಳು ಯಾರೂ ನಂಬದ ಮಾತನ್ನು ಹೊತ್ತು ತಿರುಗಿದವನು ಅದನ್ನು ಇಲ್ಲಿ ನುಂಗಿಕೊಳ್ಳಲಾರದೆ ಹೋದ.

“ಇಲ್ಲ ತಾಯಿ,” ಎಂದ. “ಇದು ನಮ್ ಸಾವಂತ್ರಿ. ಕೈ ತಿರುಗಿಸಾಕೆ ಮರೆತೆ. ನಿಮ್ಮನ್ನ ನಾನು ಬರೆದೇ ಇಲ್ಲ.”

ಆಕೆ ರಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಳಗೆ ತೊಟ್ಟಿಲ ಸದ್ದು ನಿಂತಿತ್ತು.

“ಹೌದು,” ಎಂದರು ಕಡೆಗೆ. “ಸಾವಂತ್ರೀನೇ. ಮಗ್ಗಿ ಹೇಳುವಾಗ ತಲೆ ಹಿಂಗೇ ವಾಲಿಸ್ತಿದ್ಲು. ಕಿವಿ ಹತ್ರ ಕೂದ್ಲು ಹಿಂಗೇ ಸುತ್ಕಂತಿತ್ತು. ಎರಡು ವರ್ಷ ಎದ್ರಿಗೆ ಕೂರ್ಸ್ಕಂಡು ಕಲಿಸಿದೋಳು ನಾನು. ನಂಗೂ ಕಾಣಲಿಲ್ಲ ನೋಡ್ರಿ.”

ಗಾದ್ರಪ್ಪ ಟವಲಿಗೆ ಮುಖ ಒತ್ತಿಕೊಂಡು ಅಳತೊಡಗಿದ. ಮಗಳು ಸತ್ತ ದಿನವೂ ಅವನು ಹೀಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವನನ್ನು ನಂಬಿದವರು ಕೊನೆಗೂ ಒಬ್ಬರು ಸಿಕ್ಕಿದ್ದರು. ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ಬಂದ ಕೋಪ, ಮರುಕ ಎರಡೂ ಇಂದಿಗೂ ಬೇರೆಬೇರೆಯಾಗಿಲ್ಲ. ರುದ್ರಾಣಿಯವರು ಅವನ ಅಳು ನಿಲ್ಲುವವರೆಗೆ ಕಾದರು. ಆಮೇಲೆ ರಟ್ಟನ್ನು ಸೆರಗಿನಿಂದ ಒರೆಸಿ ಅವನ ಮುಂದೆ ಹಿಡಿದರು.

“ತಗಳ್ರಿ.”

“ಬ್ಯಾಡ ತಾಯಿ, ನಿಮ್ಮ ಹತ್ರಾನೇ ಇರ್ಲಿ. ಮನೇಲಿ ಇನ್ನೂ ಅವೆ.”

“ಇಟ್ಕಂಡು ನಾನೇನ್ ಮಾಡ್ಲಿ ಗಾದ್ರಪ್ಪನೋರೆ?” ಎಂದರು ಆಕೆ. “ಅದು ನಾನಲ್ಲವಲ್ಲ.”

ರಟ್ಟನ್ನು ಅವನ ಪಕ್ಕದಲ್ಲಿ ಇಟ್ಟು, ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಶೇಂಗಾ ಸುಲಿಯಲು ಕುಳಿತರು.